ಕುಣಿಗೆ ಬಂದ ಬೇರು

ಹೋದ ತಿಂಗಳು ಚಳ್ಳಕೆರೆಯಲ್ಲಿ ನಮ್ಮ ಬೀದಿಯ ಚರಂಡಿ ಅಗೆಯುತ್ತಿದ್ದರು. ಜೆಸಿಬಿಯ ಹಲ್ಲು ಮೂಲೆಮನೆಯ ಬೇವಿನ ಮರದ ಬದಿಗೆ ತಾಗಿ, ತೋಳು ಗಾತ್ರದ ಬೇರೊಂದು ಸಿಗಿದುಕೊಂಡು ಮೇಲೆ ಬಂತು. ತರಕಾರಿ ಚೀಲ ಹಿಡಿದು ಅಲ್ಲೇ ನಿಂತಿದ್ದ ನನ್ನ ಮೂಗಿಗೆ ವಾಸನೆ ಬಡಿಯಿತು. ಬೇವಿನ ಎಲೆಯ ವಾಸನೆ ಎಲ್ಲರಿಗೂ ಗೊತ್ತು. ಹಸಿ ಬೇರಿನದು ಹಾಗಿರುವುದಿಲ್ಲ. ಬೆಳ್ಳುಳ್ಳಿ ಜಜ್ಜಿ, ಒದ್ದೆ ಮಣ್ಣಿನಲ್ಲಿ ಹೂತಿಟ್ಟು, ಮರುದಿನ ತೆಗೆದಂತಹ ಒಂದು ಘಾಟು. ಆಗ ನನ್ನ ಕಣ್ಣಿಗೆ ಬಂದದ್ದು ಮುಖದ ಮೇಲೆ ಗೇಣೆತ್ತರದಲ್ಲಿ ಬಿಗಿದು ನಿಂತ ರೇಷ್ಮೆಯ ಎಳೆಗಳು. ಅರಿಶಿನ ಬಣ್ಣದವು. ಅಥವಾ ಗಿಳಿಹಸಿರು. ನನ್ನ ತಕರಾರು ಇಲ್ಲಿಂದಲೇ ಶುರುವಾಗುತ್ತದೆ.

ನೆನಪನ್ನು ಇಸ್ತ್ರಿ ಮಾಡಿ, ಮಡಿಸಿ, ಬೀರುವಿನಲ್ಲಿ ಇಡುವವರನ್ನು ಕಂಡರೆ ನನಗೆ ಅನುಮಾನ. ನನ್ನದು ಹಾಗೆ ಮಡಿಕೆಗೆ ಕೂರುವುದಿಲ್ಲ. ಆದ್ದರಿಂದ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಬರೆಯುತ್ತೇನೆ, ಓದುವವರು ಸ್ವಲ್ಪ ಸಹಿಸಿಕೊಳ್ಳಬೇಕು.

ಗೊತ್ತಿರುವುದು ಇಷ್ಟು. ಅದು ನಾನು ಮೊಳಕಾಲ್ಮೂರಿಗೆ ಸೊಸೆಯಾಗಿ ಹೋದ ಮೊದಲ ಬೇಸಿಗೆ. ತೊಂಬತ್ತಾರು ಇರಬೇಕು, ತೊಂಬತ್ತೇಳು ಎಂದು ನಮ್ಮತ್ತೆ ಹಟ ಹಿಡಿಯುತ್ತಾರೆ. ನಮ್ಮಪ್ಪನಿಗೆ ಚಳ್ಳಕೆರೆಯಲ್ಲಿ ಶೇಂಗಾ ಎಣ್ಣೆಯ ಮಿಲ್ಲು ಇತ್ತು. ಹಿಂಡಿಯ ವಾಸನೆಯಲ್ಲಿ ಬೆಳೆದ ನನ್ನನ್ನು ರೇಷ್ಮೆ ನೇಯುವವರ ಮನೆಗೆ ಕೊಟ್ಟರು. ಗಂಡ ರುದ್ರೇಶ ನೇಯುವುದನ್ನು ಬಿಟ್ಟು ರಾಂಪುರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದರು. ಬೆಳಿಗ್ಗೆ ಬಳ್ಳಾರಿ ಕಡೆಯ ಬಸ್ಸು ಹತ್ತಿದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಮನೆಯಲ್ಲಿ ನೇಯುತ್ತಿದ್ದವರು ಮಾವ ತಿಪ್ಪೇಸ್ವಾಮಿ. ಅತ್ತೆ ನೂಲು ಸುತ್ತುವರು, ನಾದಿನಿ ಸುಧಾ ಮಾವನ ಪಕ್ಕ ಕೂತು ಅಂಚಿನ ಲಾಳಿ ಎಸೆಯುವಳು. ನನಗೆ ಸಿಕ್ಕಿದ ಕೆಲಸ ಕುಣಿಗೆ ನೀರು ಹಾಕುವುದು.

ಕುಣಿ ಮಗ್ಗ ನೋಡದವರಿಗಾಗಿ ಹೇಳಬೇಕು. ನೆಲದಲ್ಲಿ ಸೊಂಟದಾಳದ ಒಂದು ಗುಂಡಿ, ಅದೇ ಕುಣಿ. ನೇಯುವವರು ಅದರ ಅಂಚಿನಲ್ಲಿ ಕೂತು ಕಾಲುಗಳನ್ನು ಒಳಕ್ಕೆ ಇಳಿಬಿಟ್ಟು ತುಳಿಯುತ್ತಾರೆ. ಎದುರಿಗೆ ಕೋಣೆಯುದ್ದಕ್ಕೂ ನೆಲದ ಹತ್ತಿರವೇ ಉದ್ದಕ್ಕೆ ಬಿಗಿದ ಎಳೆಗಳು, ಅದೇ ಹಾಸು. ನೇಯ್ದ ಬಟ್ಟೆ ಮಡಿಲ ಮುಂದಿನ ಮರದ ದಿಂಡಿಗೆ ಸುತ್ತಿಕೊಳ್ಳುತ್ತದೆ. ಆ ದಿಂಡನ್ನು ಹೊತ್ತಿರುವುದು ಕುಣಿಯ ಎಡಬಲಕ್ಕೆ ನೆಟ್ಟ ಎರಡು ಕಲ್ಲಿನ ಗೂಟ. ನಮ್ಮದು ಒಣ ಸೀಮೆ. ಶಿವರಾತ್ರಿ ಕಳೆದರೆ ಗಾಳಿಯಲ್ಲಿ ತೇವವೆಂಬುದೇ ಇರುವುದಿಲ್ಲ, ರೇಷ್ಮೆ ಎಳೆ ಪಟಪಟನೆ ಹರಿಯುತ್ತದೆ. ಅದಕ್ಕೆ ದಿನಾ ಬೆಳಿಗ್ಗೆ ಕುಣಿಯ ನೆಲಕ್ಕೆ ಒಂದು ಕೊಡ ನೀರು ಹೊಯ್ಯಬೇಕು. ಮಣ್ಣು ಕುಡಿದು, ಮೆಲ್ಲಗೆ ತಂಪು ಬಿಟ್ಟು, ಮೇಲಿನ ಎಳೆಯನ್ನು ಮೆತ್ತಗೆ ಇಡುತ್ತದೆ. ಆ ಮನೆಯಲ್ಲಿ ಅದು ಸೊಸೆಯರ ಕೆಲಸ. ನನಗಿಂತ ಮುಂಚೆ ಅತ್ತೆ, ಅವರಿಗಿಂತ ಮುಂಚೆ ಅವರ ಅತ್ತೆ.

ಆ ವರ್ಷ ಮಗ್ಗದ ಮೇಲೆ ಇದ್ದದ್ದು ಸುಧಾಳ ಧಾರೆ ಸೀರೆ. ಯುಗಾದಿ ಮುಗಿದ ಮೇಲೆ ಮದುವೆ, ಗಂಡು ಅದೇ ಬೀದಿಯವನು. ಊರಿಗೆಲ್ಲ ಸೀರೆ ನೇಯ್ದ ಮಾವ ಮಗಳಿಗೆ ತಾವೇ ನೇಯಬೇಕೆಂದು ಬೇರೆಲ್ಲ ಕೆಲಸ ಬಿಟ್ಟು ಕೂತಿದ್ದರು. ಅಂಚಿನುದ್ದಕ್ಕೂ ಪುಟ್ಟ ಹಂಸಗಳು, ಒಂದರ ಹಿಂದೆ ಒಂದು. ತನ್ನ ಸೀರೆಯ ಅಂಚಿಗೆ ತಾನೇ ಲಾಳಿ ಎಸೆಯುವಾಗ ಸುಧಾ ನಾಚಿಕೊಳ್ಳುತ್ತಿದ್ದಳು ಎಂದು ಬರೆದರೆ ಚೆನ್ನಾಗಿರುತ್ತದೆ. ನಿಜವೆಂದರೆ ಆಕಳಿಸುತ್ತಿದ್ದಳು.

ಒಂದು ಮಧ್ಯಾಹ್ನ ಅತ್ತೆ ಮಜ್ಜಿಗೆ ತಂದುಕೊಟ್ಟು, ದಿಂಡಿನ ಮೇಲೆ ಬಗ್ಗಿ ನೋಡಿ, ತಣ್ಣಗೆ ಕೇಳಿದರು.

"ಏನ್ರಿ, ಹಂಸ ಕುಡಿದಾವಾ?"

ನಾವೆಲ್ಲ ಬಗ್ಗಿ ನೋಡಿದೆವು. ಮೊಳದಷ್ಟು ಬಟ್ಟೆಯಲ್ಲಿ ಹಂಸಗಳು ಒಂದು ಕಡೆಗೆ ವಾಲಿದ್ದವು. ಸಾಲಾಗಿ ಹೊರಟ ಹಕ್ಕಿಗಳಿಗೆ ದಾರಿಯಲ್ಲಿ ಹೆಂಡದಂಗಡಿ ಸಿಕ್ಕಂತೆ. ಒಂದು ಅಂಚು ಬಿಗಿ, ಇನ್ನೊಂದು ಸಡಿಲ. ಮಾವನಿಗೆ ಕಾರಣ ಗೊತ್ತಿತ್ತು. ಎಷ್ಟೋ ವರ್ಷದಿಂದ ಒಂದು ಕಲ್ಲಿನ ಗೂಟ ಕೂದಲೆಳೆಯಷ್ಟು ಮೇಲೇಳುತ್ತಿತ್ತು. ಅವರು ಇನ್ನೊಂದು ಗೂಟದ ಮೇಲೆ ಮರದ ಬಿಲ್ಲೆ ಇಟ್ಟು ದಿಂಡನ್ನು ಸಮ ಮಾಡಿಕೊಂಡು ಬಂದಿದ್ದರು. ಈ ಸಲ ಗೂಟವೇ ಹಾಲುಹಲ್ಲಿನಂತೆ ಅಲ್ಲಾಡುತ್ತಿತ್ತು. ಬಿಲ್ಲೆಯಿಂದ ಆಗುವ ಕೆಲಸವಾಗಿರಲಿಲ್ಲ. ಕುಣಿಯ ಗೋಡೆಗೆ ಮೆತ್ತಿದ್ದ ಸಗಣಿ-ಮಣ್ಣಿನ ಹೆಕ್ಕಳವನ್ನು ಅವರು ಉಗುರಿನಿಂದ ಕಿತ್ತರು. ಒಳಗೆ ಗಡ್ಡದಂತೆ ಜೋತುಬಿದ್ದ ಸಣ್ಣ ಬೇರುಗಳು, ನಡುವೆ ಬೆರಳು ಗಾತ್ರದವು ಕೆಲವು, ಮಣಿಕಟ್ಟಿನಷ್ಟು ದಪ್ಪದ್ದು ಒಂದು. ಎಲ್ಲಕ್ಕಿಂತ ಕೆಳಗೆ ಕುಣಿಯ ಒಂದು ಬದಿಗೆ ಒರಗಿಕೊಂಡು ತೊಡೆಯಂಥ ಒಂದು ಬೇರು. ಮನೆಗೆ ಬಂದ ನೆಂಟ ಹಜಾರದಲ್ಲಿ ಕಾಲು ಚಾಚಿ ಮಲಗಿದ ಹಾಗೆ.

ಬೇರು ಬಂದದ್ದು ಪಕ್ಕದ ಓಬಳಮ್ಮನ ಹಿತ್ತಿಲಿನ ಬೇವಿನ ಮರದಿಂದ. ಓಬಳಮ್ಮ ಆ ಮರದ ಕೆಳಗೆ ಸಂಜೆ ಒಲೆ ಹಚ್ಚಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮಾರುತ್ತಿದ್ದಳು. ಅರ್ಧ ಕನ್ನಡ, ಅರ್ಧ ತೆಲುಗು, ಬೈಯುವಾಗ ಎರಡೂ. ಮರ ಅವಳದು, ನೆರಳು ಬೀದಿಯದು. ಬೆಳಿಗ್ಗೆ ಆ ನೆರಳಿನುದ್ದಕ್ಕೂ ಬಿದಿರ ಗಳುಗಳ ಮೇಲೆ ಹಾಸು ಚಾಚಿ, ಹರಿದ ಎಳೆಗಳಿಗೆ ಗಂಟು ಹಾಕಿ, ಕುಂಚ ಎಳೆದು, ಮತ್ತೆ ಸುತ್ತಿಕೊಂಡು ಒಳಗೆ ಒಯ್ಯುವುದು ನಮ್ಮ ಬೀದಿಯ ಎಲ್ಲ ಮನೆಗಳ ಪದ್ಧತಿ. ಬಿಸಿಲಿಗೆ ಚಾಚಿದರೆ ರೇಷ್ಮೆ ಹಪ್ಪಳವಾಗುತ್ತದೆ. ಬೇರೆ ಮರ ಆ ಬೀದಿಯಲ್ಲಿ ಇರಲಿಲ್ಲ.

ಬೀದಿ ಸಲಹೆ ಕೊಡುವುದರಲ್ಲಿ ಹಿಂದೆ ಬೀಳಲಿಲ್ಲ. ಒಬ್ಬರು ಸೀಮೆಎಣ್ಣೆ ಹುಯ್ಯಿ ಎಂದರು, ಒಬ್ಬರು ಮೈಲುತುತ್ತ, ಇನ್ನೊಬ್ಬರು ಬ್ಯಾಟರಿಯ ಆಸಿಡ್. ಮಾವ ಯಾರ ಮಾತನ್ನೂ ಕೇಳದೆ ಕೊಡಲಿ ತೆಗೆದುಕೊಂಡು ಹಿತ್ತಿಲಿಗೆ ಹೋದರು. ನಮ್ಮ ಗೋಡೆಗೂ ಮರಕ್ಕೂ ನಡುವೆ ಅಗೆದು, ಬಂದದ್ದನ್ನೆಲ್ಲ ತುಂಡರಿಸುವುದು ಅವರ ಯೋಜನೆ. ಓಬಳಮ್ಮ ಅಗೆಯಬೇಕಾದ ಜಾಗದ ಮೇಲೆಯೇ ತನ್ನ ಮಣೆ ಹಾಕಿಕೊಂಡು ಕೂತು ಈರುಳ್ಳಿ ಹೆಚ್ಚತೊಡಗಿದಳು.

"ಏಳು ಓಬಳಮ್ಮಾ. ಮಗಳ ಮದುವೆ ಸೀರೆ ಐತೆ ಮಗ್ಗದ ಮ್ಯಾಲೆ."

"ನಂಗೂ ಗೊತ್ತೈತೆ ತಿಪ್ಪೇಸಣ್ಣ. ನೆಳ್ಳು ಬೇಕು, ಕಾಲು ಬ್ಯಾಡ ಅಂತೀಯ. ನಾಳೆ ಮರ ಒಣಗಿದ್ರೆ ಹಾಸು ನನ್ನ ತಲಿ ಮ್ಯಾಲೆ ಚಾಚ್ತೀಯಾ?"

ರಾಂಪುರದ ತನ್ನ ತವರಿನಲ್ಲಿ ಹೀಗೆಯೇ ಗೋಡೆ ಕಟ್ಟಲು ಹುಣಸೆಮರದ ಒಂದು ಕಡೆಯ ಬೇರನ್ನೆಲ್ಲ ಒಂದೇ ಏಟಿಗೆ ಕಡಿದದ್ದನ್ನೂ, ಮುಂದಿನ ಗಾಳಿಗೆ ಮರ ಆ ಗೋಡೆಯ ಮೇಲೆಯೇ ಮಲಗಿದ್ದನ್ನೂ ಅವಳು ಈರುಳ್ಳಿ ಮುಗಿಯುವವರೆಗೆ ಹೇಳಿದಳು. ಕಣ್ಣೀರು ಈರುಳ್ಳಿಯದೋ ಹುಣಸೆಯದೋ ತಿಳಿಯಲಿಲ್ಲ. ಮಾವ ಕೊಡಲಿ ಹೆಗಲಿಗೇರಿಸಿ ವಾಪಸು ಬಂದರು. ಎರಡು ಮನೆಗಳ ನಡುವೆ ಮಾತು ನಿಂತಿತು. ಬಜ್ಜಿಯೂ ನಿಂತಿತು, ನನಗೆ ಅದೇ ದುಃಖ.

ಮಾತು ಮತ್ತೆ ಶುರುವಾದದ್ದು ನಮ್ಮತ್ತೆಯಿಂದ. ಬೇರನ್ನು ನೀನೇ ಒಂದು ಸಲ ನೋಡು, ಆಮೇಲೆ ಬೈಯಿ ಎಂದು ಓಬಳಮ್ಮನನ್ನು ಕರೆತಂದರು. ಅವಳು ಅಷ್ಟು ವರ್ಷದ ನೆರೆಯಲ್ಲಿ ಮಗ್ಗದ ಕೋಣೆಯೊಳಗೆ ಕಾಲಿಟ್ಟದ್ದು ಅದೇ ಮೊದಲಂತೆ. ಕುಣಿಯ ಪಕ್ಕ ಕೂತು, ಬಗ್ಗಿ, ಕೈ ಇಳಿಬಿಟ್ಟು ನೆಲ ಮುಟ್ಟಿದಳು. ಕೈ ಎತ್ತಿ ನೋಡಿದಳು. ಒದ್ದೆ.

"ಇಲ್ಲಿ ನೀರು ಹಾಕೋರು ಯಾರು?"

ನಾನು ಎಂದೆ. ನನಗಿಂತ ಮುಂಚೆ ಅತ್ತೆ ಎಂದೆ. ಅತ್ತೆ ತಮ್ಮ ಅತ್ತೆಯ ಹೆಸರನ್ನೂ ಸೇರಿಸಿದರು. ಓಬಳಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ಇಷ್ಟು ವರ್ಷ ದಿನಾ ತಪ್ಪದಂಗೆ ಎಲೆ ಹಾಕಿ ನೀರಿಟ್ಟೀರಿ. ಈಗ ಊಟಕ್ಕೆ ಯಾಕ್ ಬಂದೆ ಅಂತ ಕೇಳ್ತೀರಲ್ಲ."

ಮೊದಲು ನಕ್ಕವರು ಮಾವ. ಅದು ನನಗೆ ಖಂಡಿತ ನೆನಪಿದೆ, ಯಾಕೆಂದರೆ ಮಾವ ನಕ್ಕದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಸುತ್ತಲೂ ಸುಡುವ ನೆಲ, ಇಲ್ಲಿ ಮಾತ್ರ ಸೊಸೆಯರು ಕಾದು ಕೂತು ನೀರು ಹೊಯ್ಯುತ್ತಾರೆ. ಯಾವ ಮರಕ್ಕಾದರೂ ಗೊತ್ತಾಗದೆ ಇರುತ್ತದೆಯೇ?

ಆಮೇಲಿನದು ಜಗಳವಲ್ಲ, ಚೌಕಾಸಿ. ರುದ್ರೇಶ ರಾಂಪುರದ ದಾರಿಯಲ್ಲಿ ಗಿಡ ಬೆಳೆಸುವವರ ಹತ್ತಿರ ವಿಚಾರಿಸಿಕೊಂಡು ಬಂದರು. ಬೇರು ಕಡಿಯುವುದಾದರೆ ಕಾಂಡದಿಂದ ಆದಷ್ಟು ದೂರದಲ್ಲಿ ಕಡಿಯಬೇಕು. ತೆಳ್ಳಗಿನವು ಹೋದರೆ ಮರ ಸಹಿಸಿಕೊಳ್ಳುತ್ತದೆ, ತೊಡೆ ದಪ್ಪದ್ದು ಮರವನ್ನು ಹಿಡಿದು ನಿಲ್ಲಿಸಿರುವ ಹಗ್ಗ, ಅದನ್ನು ಮುಟ್ಟಬಾರದು. ಕೊಡಲಿ ಬೇಡ, ಅದು ಸಿಗಿಯುತ್ತದೆ. ಹರಿತವಾದ ಗರಗಸದಲ್ಲಿ ನಯವಾಗಿ ಕೊಯ್ಯಬೇಕು. ಇದನ್ನೆಲ್ಲ ಅವರು ಪಾಠದ ಧಾಟಿಯಲ್ಲಿ ಹೇಳುತ್ತಿದ್ದರೆ ಓಬಳಮ್ಮ ನಡುವೆ ಬಾಯಿ ಹಾಕಿ ತನ್ನದನ್ನು ಸೇರಿಸಿದಳು. ಒಂದೇ ಸಲಕ್ಕೆ ಎಲ್ಲ ಬೇಡ, ಈಗ ಕೆಲವು, ಮಿಕ್ಕವು ಬರುವ ವರ್ಷ. ಪ್ರತಿ ಬೇರನ್ನೂ ತನಗೆ ತೋರಿಸದೆ ಗರಗಸ ಇಡಕೂಡದು. ಮಾವ ಒಪ್ಪಿದರು. ತೊಡೆ ಗಾತ್ರದ ಬೇರು ಇದ್ದಲ್ಲೇ ಇರುತ್ತದೆ, ಕುಣಿಯೇ ಸ್ವಲ್ಪ ಸರಿದುಕೊಳ್ಳುತ್ತದೆ ಎಂದರು. ತಮ್ಮ ಅಪ್ಪ ತೋಡಿದ ಕುಣಿ ಅದು. ಆ ಮಾತು ಅವರಿಗೆ ಸುಲಭವಾಗಿರಲಿಕ್ಕಿಲ್ಲ ಎಂದು ಈಗ ಅನ್ನಿಸುತ್ತದೆ. ಆಗ ಅನ್ನಿಸಿತ್ತೇ? ಗೊತ್ತಿಲ್ಲ.

ಒಂದು ತೊಡಕಿತ್ತು. ಹಾಸು ಮಗ್ಗದ ಮೇಲೆಯೇ ಇತ್ತು. ಅರ್ಧ ನೇಯ್ದ ಸೀರೆಯನ್ನು ಕತ್ತರಿಸಿ ಇಳಿಸುವಂತಿಲ್ಲ. ಹಾಸಿನ ಮೇಲೆ ಮಣ್ಣು ಹಾರದಂತೆ, ಎಳೆ ಅಲುಗದಂತೆ, ಅದರ ಕೆಳಗೆ ನುಸುಳಿ ಕುಣಿಯೊಳಗಿಂದ ಬೇರುಗಳನ್ನು ಬಿಡಿಸಬೇಕಿತ್ತು. ಎಲ್ಲರೂ ನನ್ನನ್ನು ನೋಡಿದರು. ಆಗ ನಾನು ಅಗರಬತ್ತಿಯಂತೆ ಇದ್ದೆ. ಈಗಿನವರು ನಂಬುವುದಿಲ್ಲ.

"ಗಿರಿಜಾ, ನೀನೇ ಇಳೀಬೇಕಮ್ಮ" ಎಂದರು ಮಾವ.

ಹೊಸ ಸೊಸೆಯನ್ನು ಗುಂಡಿಗೆ ಇಳಿಸುವುದೇ ಎಂದು ಅತ್ತೆ ಒಮ್ಮೆ ಗೊಣಗಿದರು. ಆಮೇಲೆ ಅವರೇ ಅಡುಗೆಮನೆಯಿಂದ ಕಬ್ಬಿಣದ ಸೌಟು ತಂದುಕೊಟ್ಟರು. ಗುದ್ದಲಿಗೆ ಅಲ್ಲಿ ಜಾಗವಿರಲಿಲ್ಲ. ಹಾಸಿನ ಕೆಳಗೆ ಹಳೇ ಪಂಚೆ ಕಟ್ಟಿ ಧೂಳಿಗೆ ತಡೆ ಮಾಡಿದ್ದರು. ಆದರೂ ಅಂಚಿನಲ್ಲಿ ಒಂದು ಕಡೆ ಪಂಚೆ ಸಾಲದೆ, ಮಲಗಿ ಮೇಲೆ ನೋಡಿದರೆ ಎಳೆಗಳು ಕಾಣುತ್ತಿದ್ದವು. ಕಿಟಕಿಯ ಬಿಸಿಲು ಅದರೊಳಗಿಂದ ಸೋಸಿ ಬಂದು ನನ್ನ ಕೈ, ಸೌಟು, ಬೇರು ಎಲ್ಲಕ್ಕೂ ಒಂದೇ ಬಣ್ಣ. ಆ ಬಣ್ಣ ಯಾವುದೆಂದು ನನಗೂ ಅತ್ತೆಗೂ ಇವತ್ತಿನವರೆಗೆ ರಾಜಿಯಾಗಿಲ್ಲ. ಸೌಟಿನಿಂದ ಮಣ್ಣು ಕೆರೆದು, ಕೈಯಿಂದ ಬಿಡಿಸಿ, ಹಾಸಿನ ಮೇಲೆ ಎಳೆಯುವ ಹಳೆಯ ಕುಂಚದಿಂದ ಒಂದೊಂದೇ ಬೇರನ್ನು ಗುಡಿಸಿ ಸ್ವಚ್ಛ ಮಾಡಿದೆ. ಸುಧಾ ಮೇಲೆ ಕೂತು ಮಣ್ಣಿನ ಬುಟ್ಟಿ ಎತ್ತಿಕೊಳ್ಳುತ್ತ, ಅತ್ತಿಗೆಯನ್ನು ಹೂಳದೆ ಮಣ್ಣಿನಿಂದ ಹೊರತೆಗೆಯುತ್ತಿರುವ ಮೊದಲ ನಾದಿನಿ ತಾನೇ ಎಂದು ಬೀಗುತ್ತಿದ್ದಳು.

ಹೊರಗೆ ಗೋಡೆಯಾಚೆ ಮಾವ, ಓಬಳಮ್ಮ ಸೇರಿ ಉದ್ದಕ್ಕೆ ಒಂದು ಕಾಲುವೆ ತೋಡಿದ್ದರು. ಅಲ್ಲಿಯೂ ಬೇರುಗಳ ಜಡೆ. ಒಳಗಿನ ಯಾವುದು ಹೊರಗಿನ ಯಾವುದು ಎಂದು ತಿಳಿಯಬೇಕಲ್ಲ. ನಾನು ಒಳಗಿಂದ ಒಂದು ಬೇರು ಹಿಡಿದು ಜಗ್ಗುವುದು, ಹೊರಗೆ ಅಲುಗಿದ್ದನ್ನು ಓಬಳಮ್ಮ ಹಿಡಿದು ಎರಡು ಸಲ ಜಗ್ಗಿ ಉತ್ತರ ಕೊಡುವುದು. ಗೋಡೆಯ ಕೆಳಗಿನಿಂದ ನಾವಿಬ್ಬರೂ ಕೈಕುಲುಕಿದಂತಿತ್ತು. ಒಮ್ಮೆ ಅವಳು ಬೇಕೆಂದೇ ಜೋರಾಗಿ ಎಳೆದಳು, ನಾನು ಕಿರುಚಿದೆ, ಹೊರಗೆ ಅವಳ ನಗು ಕೇಳಿಸಿತು. ಮಾತು ಬಿಟ್ಟಿದ್ದ ಮನೆಗಳು ಬೇರಿನ ಮೂಲಕ ಆಟಕ್ಕೆ ಬಿದ್ದಿದ್ದವು.

ಗುರುತಿಗೆ ಮಾವ ರೇಷ್ಮೆಯ ತುಂಡು ನೂಲು ಕಟ್ಟಿದರು. ಆ ಮನೆಯಲ್ಲಿ ಕೆಂಪು ಎಳೆಗೆ ಒಂದೇ ಅರ್ಥ. ಮಾವ ಮಗ್ಗದ ಮೇಲೆ ಎಲ್ಲಾದರೂ ಕೆಂಪು ಎಳೆ ಕಟ್ಟಿದ್ದಾರೆಂದರೆ ಅಲ್ಲಿ ಇನ್ನೊಬ್ಬರು ಕೈಹಾಕಬಾರದು. ಅದೇ ರೂಢಿಯಂತೆ ಉಳಿಸಬೇಕಾದ ಬೇರುಗಳಿಗೆ ಕೆಂಪು, ಈಗ ಕೊಯ್ಯುವವಕ್ಕೆ ಹಳದಿ, ಬರುವ ವರ್ಷಕ್ಕೆ ಬಿಟ್ಟವಕ್ಕೆ ಹಸಿರು. ತೊಡೆ ಗಾತ್ರದ ಬೇರಿಗೆ ಕೆಂಪು ನೂಲನ್ನು ಬಿಗಿಯಾಗಿ ಸುತ್ತಿ, ಮದುಮಗನಿಗೆ ಕಂಕಣ ಕಟ್ಟಿದಂತೆ ಕಟ್ಟಿದ್ದರು. ಕಾಲುವೆಯಲ್ಲಿ ಬೇರುಗಳು ಸಂತೆಗೆ ಹೊರಟ ಹೆಂಗಸರ ಹಾಗೆ ಬಣ್ಣಬಣ್ಣವಾಗಿ ಕೂತಿದ್ದವು.

ಗರಗಸದ ಕೆಲಸ ಸಂಜೆ ರುದ್ರೇಶ ಬಂದ ಮೇಲೆ ಎಂದಾಗಿತ್ತು. ವಾರ್ಷಿಕ ಪರೀಕ್ಷೆಯ ಕಾಲ. ಅವರು ದಿನವಿಡೀ ಉತ್ತರಪತ್ರಿಕೆ ತಿದ್ದಿ, ಬೆರಳಿಗೆಲ್ಲ ಕೆಂಪು ಶಾಯಿ ಮೆತ್ತಿಕೊಂಡು ಬಂದರು. ಓಬಳಮ್ಮ ಒಲೆ ಹಚ್ಚಲು ಒಳಗೆ ಬೆಂಕಿಪೊಟ್ಟಣಕ್ಕೆ ಹೋಗಿದ್ದಳು, ಮಾವ ಮುಖ ತೊಳೆಯುತ್ತಿದ್ದರು. ಕತ್ತಲಾಗುವುದರೊಳಗೆ ಮುಗಿಸೋಣವೆಂದು ರುದ್ರೇಶ ಕಾಲುವೆಗೆ ಇಳಿದರು. ನಾನು ಕುಣಿಯಲ್ಲಿದ್ದೆ. ತೊಡೆ ಗಾತ್ರದ ಬೇರಿನ ಮೇಲೆ ನನ್ನ ಕೈ ಇತ್ತು. ಅದು ಸಣ್ಣಗೆ ನಡುಗತೊಡಗಿತು. ಕರ್ ಕರ್ ಎಂದು ಒಳಗಿನಿಂದಲೇ ಸದ್ದು. ಏನಾಗುತ್ತಿದೆ ಎಂದು ಹೊಳೆಯುವುದರೊಳಗೆ ಆ ವಾಸನೆ, ಬೆಳ್ಳುಳ್ಳಿ ಜಜ್ಜಿದ ಆ ಘಾಟು, ಗೋಡೆಯ ಕೆಳಗಿನಿಂದ ತೂರಿ ಬಂತು. ಆಮೇಲೆ ಓಬಳಮ್ಮನ ಕೂಗು.

"ವದ್ದು! ವದ್ದಯ್ಯಾ! ಏಮ್ ಚೇಸ್ತಿವಿ!"

ಬೇಡ, ಬೇಡಪ್ಪಾ, ಏನು ಮಾಡಿಬಿಟ್ಟೆ ಎಂದು ಅವಳು ತೆಲುಗಿನಲ್ಲೇ ಕೂಗುತ್ತಿದ್ದಳು. ನಾನು ಮೇಲೆ ಬಂದು ಓಡಿದಾಗ ಗರಗಸ ಬೇರಿನೊಳಗೆ ಒಂದು ಬೆರಳಿನಷ್ಟು ಇಳಿದು ನಿಂತಿತ್ತು. ಪಕ್ಕದಲ್ಲೇ ಕೆಂಪು ನೂಲು. ದಪ್ಪದ್ದನ್ನು ಮುಟ್ಟಬಾರದೆಂದು ತಾವೇ ಹೇಳಿದ್ದವರಿಗೆ ಆ ಮಬ್ಬಿನಲ್ಲಿ ನೂಲು ಕಂಡಿತ್ತು, ಅರ್ಧ ಮಣ್ಣಿನಲ್ಲಿದ್ದ ಬೇರಿನ ದಪ್ಪ ಕಂಡಿರಲಿಲ್ಲ. ರುದ್ರೇಶ ಆ ನೂಲನ್ನು ತೋರಿಸಿ, ಕೆಂಪು ಗುರುತು ಹಾಕಿದೀರಲ್ಲ, ಹೊಡೆದುಹಾಕೋದು ಅಂತ ತಾನೇ ಅರ್ಥ ಎಂದು ನಿಜವಾದ ಆಶ್ಚರ್ಯದಿಂದ ಕೇಳಿದರು. ಅತ್ತೆ ಸೊಂಟಕ್ಕೆ ಕೈಯಿಟ್ಟರು.

"ಹುಟ್ಟಿದ್ದು ಮಗ್ಗದ ಮನ್ಯಾಗೆ, ಬುದ್ಧಿ ಬಂದದ್ದು ಪರೀಕ್ಷೆ ಪೇಪರಿನಾಗೆ. ಯಾವನೋ ಹುಡುಗ ತಪ್ಪು ಬರ್ದಾನೆ ಅಂತ ಮರಕ್ಕೆ ಸೊನ್ನೆ ಹಾಕ್ತೀಯೇನೋ?"

ರುದ್ರೇಶರ ವಾದ ಇವತ್ತಿಗೂ ಬೇರೆ. ಕೊಯ್ದದ್ದು ಬೆರಳಿನಷ್ಟಲ್ಲ, ಉಗುರಿನಷ್ಟು. ನೂಲು ಕೆಂಪಲ್ಲ, ಕುಂಕುಮದ ಬಣ್ಣ. ಈ ತಿದ್ದುಪಡಿಯನ್ನು ನಾನು ಇಲ್ಲಿ ದಾಖಲಿಸಿದ್ದೇನೆ, ಒಪ್ಪಿಲ್ಲ.

ಆ ಸಂಜೆ ಓಬಳಮ್ಮ ಒಲೆ ಹಚ್ಚಲಿಲ್ಲ. ಯಾರನ್ನೂ ಬೈಯಲೂ ಇಲ್ಲ. ಅದಕ್ಕೇ ನಮಗೆ ಹೆದರಿಕೆಯಾದದ್ದು. ಗಾಯದ ಮೇಲೆ ತಾನೇ ತೇವದ ಮಣ್ಣು ಮುಚ್ಚಿ, ಕಾಂಡಕ್ಕೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತು ಒಳಗೆ ಹೋದಳು. ಮರುದಿನ ಮಾವ ಹಳದಿಯವನ್ನು ಮಾತ್ರ, ಒಂದೊಂದನ್ನೂ ಅವಳಿಗೆ ತೋರಿಸಿ, ನಯವಾಗಿ ಕೊಯ್ದರು. ಒಳಗಿನ ತುಂಡುಗಳನ್ನು ನಾನು ಕುಣಿಯಿಂದ ಎಳೆದುಕೊಂಡೆ. ಮಗ್ಗದ ಹಣಿಗೆಯಿಂದ ಎಳೆ ಜಾರಿದಂತೆ ಸಲೀಸಾಗಿ ಬಂದವು. ಕಾಲುವೆಯಲ್ಲಿ ಗೋಡೆಗೆ ತಾಗಿಸಿ ಕಡಪ ಕಲ್ಲಿನ ಚಪ್ಪಡಿ ನಿಲ್ಲಿಸಿ, ಉಳಿಸಿದ ಬೇರುಗಳಿಗೆ ಮಾತ್ರ ಇಲಿಬಿಲದಂತೆ ಕಂಡಿ ಬಿಟ್ಟರು. ಗೂಟವನ್ನು ಕಿತ್ತು ಆಳಕ್ಕೆ ನೆಟ್ಟರು. ಕುಣಿಯ ಒಂದು ಬದಿಯನ್ನು ಬೇರಿನ ಆಕಾರಕ್ಕೆ ಕೆರೆದು ಮೆತ್ತಿದರು. ಇನ್ನು ಮೇಲೆ ಕುಣಿಯ ನೆಲಕ್ಕೆ ನೀರಿಲ್ಲ, ಬದಲಿಗೆ ತಂಪಿಗೆಂದು ಕುಣಿಯ ಮೂಲೆಯಲ್ಲಿ ಒದ್ದೆ ಗೋಣಿತಾಟು ಹೊದಿಸಿದ ಅಗಲ ಬಾಯಿಯ ನೀರಿನ ಮಡಕೆ. ಬೆಳಗಿನ ಕೊಡದ ನೀರು ಮರದ ಆಚೆ ಬದಿಗೆ. ಅದಕ್ಕೆ ಊಟ ಆ ಕಡೆ ಹಾಕಿ, ತಾನಾಗಿ ಆ ಕಡೆ ಹೋಗುತ್ತದೆ ಎಂಬುದು ಓಬಳಮ್ಮನ ತೀರ್ಪು.

ಮಗ್ಗ ಮತ್ತೆ ಶುರುವಾಯಿತು, ಹಂಸಗಳ ನಶೆ ಇಳಿಯಿತು. ಆದರೆ ಮನೆಯಲ್ಲಿ ಯಾರಿಗೂ ನೆಮ್ಮದಿ ಇರಲಿಲ್ಲ. ಆ ಹೊತ್ತಿಗೆ ಬೇವು ಎಲೆ ಉದುರಿಸಿ ಬೋಳಾಗಿತ್ತು. ಪ್ರತಿವರ್ಷದಂತೆ ಉದುರಿಸಿಕೊಂಡಿದೆಯೋ, ಸಾಯುತ್ತಿದೆಯೋ ಹೇಳುವುದು ಹೇಗೆ? ಬೀದಿಯಲ್ಲಿ ನಡೆಯುವವರೆಲ್ಲ ತಲೆಯೆತ್ತಿ ನಡೆಯುತ್ತಿದ್ದರು. ಮಾವ ಲಾಳಿ ಎಸೆಯುವ ನಡುವೆ ಎದ್ದುಹೋಗಿ ನೋಡಿ ಬರುವರು. ರುದ್ರೇಶ ಬಸ್ಸಿಳಿದು ಮನೆಗೆ ಬರುವ ಮುಂಚೆ ಮರದ ಹತ್ತಿರ ಹೋಗುತ್ತಿದ್ದರು, ಅವರನ್ನು ಕಂಡು ಓಬಳಮ್ಮ, ಮೇಷ್ಟ್ರೇ, ರಿಸಲ್ಟು ಬಂದಿಲ್ಲ ಎನ್ನುವಳು. ಅವಳು ಮತ್ತೆ ಚುಚ್ಚತೊಡಗಿದ್ದು ಕೇಳಿ ನಮಗೆ ಅರ್ಧ ಜೀವ ಬಂತು.

ಸುದ್ದಿ ಚಳ್ಳಕೆರೆಗೂ ಮುಟ್ಟಿತು. ನಮ್ಮಪ್ಪ ಒಂದು ಭಾನುವಾರ ಎರಡು ಚೀಲ ಹೊಂಗೆ ಹಿಂಡಿಯೊಂದಿಗೆ ಬಸ್ಸಿಳಿದರು. ಅಳಿಯ ಮಾಡಿದ ಗಾಯಕ್ಕೆ ಮಾವನಾದ ನಾನು ಮದ್ದು ತಂದಿದ್ದೇನೆ ಎಂದು ಗಂಭೀರವಾಗಿ ಹೇಳಿ, ಪಂಚೆ ಮೇಲಕ್ಕೆ ಕಟ್ಟಿ, ಚೀಲ ಬಿಚ್ಚಿ ಬುಡಕ್ಕೆ ಸುರಿಯಲು ಹೊರಟರು. ಜ್ವರ ಬಂದವನಿಗೆ ಹೋಳಿಗೆ ಊಟ ಬಡಿಸುತ್ತೀರಾ ಎಂದು ಓಬಳಮ್ಮ ಅಡ್ಡ ಬಂದಳು. ಕೊನೆಗೆ ಎರಡು ಹಿಡಿ ಮಾತ್ರ, ಅದೂ ಆಚೆ ಬದಿಗೆ, ದೂರದಲ್ಲಿ. ಮಿಕ್ಕಿದ್ದು ಬೀದಿಯವರ ಹಿತ್ತಿಲಿಗೆ ಹೋಯಿತು. ನಮ್ಮಪ್ಪ ಮರದ ಕೆಳಗೆ ಕೂತು ಬಜ್ಜಿ ತಿಂದು, ಎಣ್ಣೆ ಯಾವ ಮಿಲ್ಲಿನದು ಎಂದು ವಿಚಾರಿಸಿ, ಸಂಜೆಯ ಬಸ್ಸಿಗೆ ಹೋದರು.

ಯುಗಾದಿಗೆ ಕೆಲವು ದಿನ ಮುಂಚೆ ಮರದ ಆಚೆ ಬದಿಯ ಕೊಂಬೆಗಳಲ್ಲಿ ತಾಮ್ರದ ಬಣ್ಣದ ಚಿಗುರು ಬಂತು. ನಮ್ಮ ಕಡೆಯದು ಬೋಳಾಗಿಯೇ ಇತ್ತು. ತಲೆಯ ಒಂದು ಪಕ್ಕ ಮಾತ್ರ ಬಾಚಿಕೊಂಡ ಹಾಗೆ. ಯುಗಾದಿಯ ದಿನ ಬೇವು-ಬೆಲ್ಲಕ್ಕೆ ಬೀದಿಯವರು ಬಂದಾಗ ಓಬಳಮ್ಮ ಆಚೆ ಬದಿಯಿಂದ ಮಾತ್ರ ಕೀಳಲು ಬಿಟ್ಟಳು, ಈ ಬದಿಯದು ಇನ್ನೂ ಕಾಯಿಲೆಯ ಮನೆ ಎಂದಳು. ಆ ವರ್ಷ ನಮಗೆಲ್ಲ ಬೇವು ಸ್ವಲ್ಪ ಕಡಿಮೆ, ಬೆಲ್ಲ ಸ್ವಲ್ಪ ಹೆಚ್ಚು.

ನಮ್ಮ ಕಡೆಯ ಚಿಗುರನ್ನು ಮೊದಲು ಕಂಡವರು ಯಾರು? ಸುಧಾ ತಾನು ಎನ್ನುತ್ತಾಳೆ. ರುದ್ರೇಶ ತಾವು ಎನ್ನುತ್ತಾರೆ. ನನಗೆ ನೆನಪಿರುವಂತೆ ಮಾವ ಸೀರೆಯ ಸೆರಗು ಮುಗಿಸಿ, ಹಾಸು ಕತ್ತರಿಸಿ, ಸೀರೆಯನ್ನು ದಿಂಡಿನಿಂದ ಬಿಚ್ಚಿ ಬೆಳಕಿಗೆ ಹಿಡಿಯಲು ಹೊರಗೆ ಗಾಳಿಗೆ ತಂದ ಬೆಳಿಗ್ಗೆಯೇ, ಅದರ ಮೇಲಿನ ಕೊಂಬೆಯಲ್ಲಿ ಕೆಂಪಗೆ ಏನೋ ಹೊಳೆಯಿತು. ಇದು ತೀರಾ ಅಚ್ಚುಕಟ್ಟಾಗಿದೆ, ಆದ್ದರಿಂದ ನಿಜವಾಗಿರಲಾರದು. ನಿಜ ಇಷ್ಟೇ, ಒಂದು ದಿನ ಇರಲಿಲ್ಲ, ಇನ್ನೊಂದು ದಿನ ಇತ್ತು. ಮದುವೆಯ ಹೊತ್ತಿಗೆ ಚಪ್ಪರದ ಮೇಲೆ ನೆರಳಿತ್ತು. ಓಬಳಮ್ಮ ಮದುವೆಮನೆಗೆ ಒಂದು ಬುಟ್ಟಿ ಬಜ್ಜಿ ಕಳಿಸಿ, ಬೇರಿನ ಕಡೆಯವರಿಂದ ಎಂದು ಹೇಳಿಸಿದಳು.

ಚರಂಡಿಯ ಹತ್ತಿರ ಆ ಬೇರಿನ ವಾಸನೆ ಕುಡಿದ ಮೇಲೆ ನನಗೆ ಸುಮ್ಮನಿರಲಾಗಲಿಲ್ಲ. ಆ ಭಾನುವಾರವೇ ಮೊಳಕಾಲ್ಮೂರಿನ ಬಸ್ಸು ಹತ್ತಿದೆ. ಮಾವ ಈಗ ಇಲ್ಲ. ಅತ್ತೆ ನಮ್ಮೊಂದಿಗೆ ಚಳ್ಳಕೆರೆಯಲ್ಲಿದ್ದಾರೆ. ಹೊರಡುವಾಗ ಬಾಗಿಲಿಗೆ ಬಂದು, ಎಳೆ ಕೆನ್ನೀಲಿ ಬಣ್ಣದ್ದು, ನೋಡಿಕೊಂಡು ಬಾ ಎಂದರು. ಮಗ್ಗ ಸುಧಾಳದಾಗಿದೆ, ಆ ಕೋಣೆಯಲ್ಲಿ ಅವಳೇ ನೇಯುತ್ತಾಳೆ. ಮರ ಬೀದಿಯ ಅರ್ಧ ಆಕಾಶ ಹಿಡಿದಿತ್ತು. ಕಾಲುವೆ ಇದ್ದ ಜಾಗದಲ್ಲಿ ಸಿಮೆಂಟು, ಗಾಯ ಎಲ್ಲೋ ಕೆಳಗೆ. ಅದು ಹೇಗೆ ಮಾಯಿತೆಂದು ಮರ ಯಾರಿಗೂ ತೋರಿಸಿಲ್ಲ. ಮುದುಕಿ ಓಬಳಮ್ಮ ಕಟ್ಟೆಯ ಮೇಲೆ ಕೂತು, ನನ್ನ ಮೈಯನ್ನು ಮೇಲಿಂದ ಕೆಳಗೆ ನೋಡಿ, ಈಗ ಕುಣಿಗೆ ಇಳಿದರೆ ಹೊರಗೆ ತೆಗೆಯಲು ಜೆಸಿಬಿ ಬೇಕು ಎಂದಳು.

ಸುಧಾ ಪೆಟ್ಟಿಗೆಯಿಂದ ಧಾರೆ ಸೀರೆ ತೆಗೆದಳು. ಮಾವಿನ ಚಿಗುರಿನ ಬಣ್ಣ. ನಾನೂ ಅತ್ತೆಯೂ ಇಬ್ಬರೂ ಸೋತಿದ್ದೆವು. ವಾಲಿದ ಹಂಸಗಳನ್ನು ಹುಡುಕಿದೆ, ಸಿಕ್ಕವು. ನಾನು ಅಂದುಕೊಂಡಿದ್ದಕ್ಕಿಂತ ಕಡಿಮೆ ಕುಡಿದಿದ್ದವು. ಆ ಮೊಳದಷ್ಟನ್ನು ಬಿಚ್ಚಿ ಮತ್ತೆ ನೇಯುತ್ತೇನೆ ಎಂದು ಮಾವ ಹೊರಟಿದ್ದರಂತೆ, ಸುಧಾಳೇ ಬಿಡಲಿಲ್ಲವಂತೆ. ಇದು ನನಗೆ ಗೊತ್ತೇ ಇರಲಿಲ್ಲ.

ಆಮೇಲೆ ಅವಳು ಮಗ್ಗಕ್ಕೆ ಕೂತಳು. ನಾನು ಬಗ್ಗಿ ಕುಣಿಯೊಳಗೆ ನೋಡಿದೆ. ಬಲಗಾಲು ತುಳಿಯುತ್ತಿತ್ತು, ಬಿಡುವಾದಾಗ ಎಡಗಾಲು ಹೋಗಿ ಆ ದಪ್ಪ ಬೇರಿನ ಮೇಲೆ ಕೂರುತ್ತಿತ್ತು. ಮಾವನ ಕಾಲು, ಆಮೇಲೆ ಇವಳ ಕಾಲು ಉಜ್ಜಿ ಉಜ್ಜಿ ಬೇರಿನ ಮೇಲ್ಭಾಗ ಹಳೆಯ ಮಣೆಯಂತೆ ನುಣುಪಾಗಿ ಹೊಳೆಯುತ್ತಿತ್ತು.

"ಕುಣಿ ಮುಚ್ಚಿಸ್ರಿ, ಮ್ಯಾಲೆ ಕೂತು ನೇಯೋ ಹೊಸ ಮಗ್ಗ ಕೊಡ್ತೀವಿ ಅಂತ ಬಂದಿದ್ರು ಅತ್ತಿಗೆ" ಎಂದಳು ಸುಧಾ, ಲಾಳಿ ನಿಲ್ಲಿಸದೆ. "ಎಡಗಾಲು ಎಲ್ಲಿಡ್ಲಿ ಅಂತ ಕೇಳ್ದೆ. ಅವ್ರಿಗೆ ತಿಳೀಲಿಲ್ಲ."

ಅವಳು ಚಹಾ ಮಾಡಲು ಎದ್ದುಹೋದಾಗ ನಾನು ಅವಳ ಜಾಗದಲ್ಲಿ ಕೂತೆ. ಕುಣಿ ನನಗೆ ಈಗ ಬಹಳ ಬಿಗಿ. ಎಡಗಾಲನ್ನು ಮೆಲ್ಲಗೆ ಇಳಿಬಿಟ್ಟು ಬೇರಿನ ಮೇಲೆ ಇಟ್ಟೆ. ತಂಪಾಗಿತ್ತು, ಸರಿಯಾಗಿ ಕೂತಿತು.